ಗೇಟು ದಾಟಿದ ಕೂಡಲೇ ಕ್ಯಾಮೆರಾ ಬಂದ್: ವೆಂಡರ್ ಮಾತು ಎಷ್ಟು ನಿಜ?

ಓದುಗರ ಪ್ರಶ್ನೆ: ‘ಪುಣೆ ಹತ್ತಿರ ಚಾಕಣ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಕಂಪನಿ. ಎಸ್‌ಪಿಎಂ (ಒಂದೇ ಕೆಲಸಕ್ಕೆಂದು ಕಟ್ಟಿದ ಮಷಿನ್), ವೆಲ್ಡಿಂಗ್ ಫಿಕ್ಸ್ಚರ್ (ಬೆಸೆಯುವಾಗ ಭಾಗಗಳನ್ನು ಹಿಡಿದಿಡುವ ಚೌಕಟ್ಟು) ಮಾಡುತ್ತೇವೆ. ಪ್ಲಾಟ್ 2,000 ಚದರ ಮೀಟರ್. ಒಟ್ಟು 62 ಮಂದಿ: ಶಾಪ್‌ಫ್ಲೋರ್‌ನಲ್ಲಿ 31, ಡಿಸೈನ್‌ನಲ್ಲಿ 6, ಆಫೀಸಿನಲ್ಲಿ 16, ಹೊರಗೆ ತಿರುಗುವ ಸರ್ವಿಸ್ ಇಂಜಿನಿಯರ್‌ಗಳು 9. ಜತ್ತ, ಇಂಡಿ, ಅಕ್ಕಲಕೋಟೆ ಕಡೆಯ ನಮ್ಮ ಕನ್ನಡದ ಹುಡುಗರೇ ಹೆಚ್ಚು. ಹೋದ ತಿಂಗಳು ಅವರಲ್ಲೊಬ್ಬ ಗಿರಾಕಿಯ ಹೊಸ ಮಾಡೆಲ್‌ನ ಫಿಕ್ಸ್ಚರ್ ಪಕ್ಕ ನಿಂತು ಸೆಲ್ಫಿ ತೆಗೆದು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿದ. ಅದು ಹೋಗಿ ಗಿರಾಕಿಯ ಪರ್ಚೇಸ್ ಮ್ಯಾನೇಜರ್ ಕಣ್ಣಿಗೇ ಬಿತ್ತು. ಇನ್ನು ಏಳು ವಾರಕ್ಕೆ ಅವರ ಆಡಿಟ್. ಒಬ್ಬ ವೆಂಡರ್ ಬಂದು, ಎಲ್ಲರ ಸ್ವಂತ ಫೋನಿಗೂ ಒಂದು ಆ್ಯಪ್ ಹಾಕಿಸಿ, ಗೇಟಿನೊಳಗೆ ಬಂದ ಕೂಡಲೇ ಕ್ಯಾಮೆರಾ, ಹಾಟ್‌ಸ್ಪಾಟ್ ತಾನಾಗಿ ಬಂದ್, ಹೊರಗೆ ಹೋದರೆ ಚಾಲೂ, ಐದು ಮೀಟರ್ ಕರಾರುವಾಕ್ಕು ಎನ್ನುತ್ತಾನೆ. ಸರ್ವಿಸ್‌ನವರು ಎಲ್ಲಿದ್ದಾರೆ ಅನ್ನೋದೂ ನಕಾಶೆಯಲ್ಲಿ ಕಾಣುತ್ತದಂತೆ. ಹುಡುಗರು “ಫೋನ್ ನಮ್ಮದು, ರೊಕ್ಕ ನಮ್ಮದು” ಅಂತ ಗೊಣಗುತ್ತಿದ್ದಾರೆ. ಡಿಸೈನ್‌ನ ಇಬ್ಬರು ಹೆಣ್ಣುಮಕ್ಕಳು ರಾತ್ರಿ ನಾವೆಲ್ಲಿದ್ದೇವೆ ಅಂತ ಸಾಹೇಬರಿಗೆ ಕಾಣುತ್ತದೆಯೇ ಎಂದು ನೇರವಾಗಿ ಕೇಳಿದರು. ಇದು ನಡೆಯುತ್ತದೆಯೇ? ಕಾನೂನಿನಲ್ಲಿ ಕೂರುತ್ತದೆಯೇ? ಬೇರೆ ದಾರಿ ಇದ್ದರೆ ಹೇಳಿ.’

ಉತ್ತರ:

ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಕೆಲಸಗಳು ಒಂದೇ ಆ್ಯಪ್‌ನ ಕೊರಳಿಗೆ ಬಿದ್ದಿವೆ. ಶಾಪ್‌ಫ್ಲೋರ್‌ನಲ್ಲಿ ಫೋಟೊ ತೆಗೆಯದಂತೆ ತಡೆಯಬೇಕು. ಡ್ರಾಯಿಂಗ್ ಹೊರಗೆ ಹೋಗಬಾರದು. ಒಂಬತ್ತು ಇಂಜಿನಿಯರ್‌ಗಳು ಗಿರಾಕಿಯ ಜಾಗ ಮುಟ್ಟಿದರೋ ಇಲ್ಲವೋ ತಿಳಿಯಬೇಕು. ಮೊದಲ ಎರಡಕ್ಕೆ ಜಿಪಿಎಸ್ ಬೇಕೇ ಇಲ್ಲ. ಮೂರನೆಯದಕ್ಕೆ ಬೇಕು, ಅದೂ ಕೆಲಸದ ಹೊತ್ತಿಗೆ ಮಾತ್ರ. ವೆಂಡರ್ ಹೇಳಿದ ರೂಪದಲ್ಲಿ, ನೌಕರರ ಸ್ವಂತ ಫೋನಿನ ಮೇಲೆ ಈ ಆ್ಯಪ್ ಹಾಕಿಸಬೇಡಿ. ಯಾಕೆ ಬೇಡ, ಬದಲಿಗೆ ಏನು ಮಾಡಬಹುದು ಎಂಬುದನ್ನು ಬಿಡಿಸಿ ಹೇಳುತ್ತೇನೆ.

ಐದು ಮೀಟರ್ ಲೆಕ್ಕ

ಐದು ಮೀಟರ್ ಎಂಬುದು ಪೂರ್ತಿ ಸುಳ್ಳಲ್ಲ. ಬಯಲಿನಲ್ಲಿ, ತಲೆಯ ಮೇಲೆ ಬರೀ ಆಕಾಶ ಇದ್ದಾಗ, ಒಳ್ಳೆಯ ಫೋನಿನ ಜಿಪಿಎಸ್ ಸುಮಾರು ಐದು ಮೀಟರ್ ಒಳಗೆ ಜಾಗ ಹೇಳುತ್ತದೆ. ನಿಮ್ಮ ಶೆಡ್‌ಗೆ ಇರುವುದು ತಗಡಿನ ಮಾಡು, ಒಳಗೆ ಓವರ್‌ಹೆಡ್ ಕ್ರೇನ್, ಸುತ್ತ ಉಕ್ಕು. ಉಪಗ್ರಹದ ಸಂಕೇತ ಅಲ್ಲಿಗೆ ತಲುಪುವುದೇ ಕಷ್ಟ. ಆಗ ಫೋನ್ ಸುತ್ತಲಿನ ವೈಫೈ, ಮೊಬೈಲ್ ಟವರ್ ನೋಡಿ ಜಾಗ ಅಂದಾಜು ಮಾಡುತ್ತದೆ. ವೈಫೈ ಇದ್ದರೆ 20ರಿಂದ 50 ಮೀಟರ್ ಆಚೀಚೆ. ಬರೀ ಟವರ್ ಸಿಕ್ಕರೆ ನೂರಾರು ಮೀಟರ್, ಕೆಲವೊಮ್ಮೆ ಕಿಲೋಮೀಟರ್ ತಪ್ಪು.

ಈ ಕಾರಣಕ್ಕೇ ಜಿಯೋಫೆನ್ಸ್, ಅಂದರೆ ನಕಾಶೆಯ ಮೇಲೆ ಎಳೆದ ಬೇಲಿ, ಹಾಕುವಾಗ ತ್ರಿಜ್ಯ ಕನಿಷ್ಠ 100ರಿಂದ 150 ಮೀಟರ್ ಇಡಿ ಎಂದು ಗೂಗಲ್ ಆ್ಯಂಡ್ರಾಯ್ಡ್ ಡೆವಲಪರ್‌ಗಳಿಗೆ ಹೇಳುತ್ತದೆ. ಈಗ ನಿಮ್ಮ ಪ್ಲಾಟ್ ಲೆಕ್ಕ ಹಾಕೋಣ. 2,000 ಚದರ ಮೀಟರ್ ಎಂದರೆ ಸುಮಾರು 20 ಗುಂಟೆ. 100 ಮೀಟರ್ ತ್ರಿಜ್ಯದ ವೃತ್ತದ ಒಳಗೆ 31,400 ಚದರ ಮೀಟರ್ ಸೇರುತ್ತದೆ, ಅಂದರೆ ಏಳೂಮುಕ್ಕಾಲು ಎಕರೆ. ನಿಮ್ಮ ಪ್ಲಾಟಿನ ಹದಿನೈದು ಪಟ್ಟಿಗಿಂತ ಹೆಚ್ಚು. ಪಕ್ಕದ ಕಂಪನಿ, ಮುಂದಿನ ರಸ್ತೆ, ಚಹಾದ ಟಪರಿ ಎಲ್ಲ ನಿಮ್ಮ ಬೇಲಿಯೊಳಗೆ ಬಂದವು. ಟಪರಿಯಲ್ಲಿ ಕುಳಿತು ಮನೆಗೆ ವಿಡಿಯೊ ಕಾಲ್ ಮಾಡುವವನ ಕ್ಯಾಮೆರಾ ಬಂದ್ ಆಗುತ್ತದೆ. ಬೇಲಿ ಚಿಕ್ಕದು ಮಾಡಿದರೆ ಅಸೆಂಬ್ಲಿಯಲ್ಲಿ ನಿಂತವನನ್ನೇ ಫೋನ್ ಹೊರಗಿದ್ದಾನೆ ಎಂದು ತಿಳಿಯುತ್ತದೆ.

ಹೊತ್ತಿನ ತಕರಾರು ಇದಕ್ಕಿಂತ ದೊಡ್ಡದು. ಬೇಲಿ ದಾಟಿದ್ದು ಫೋನಿಗೆ ಆ ಕ್ಷಣಕ್ಕೇ ಗೊತ್ತಾಗುವುದಿಲ್ಲ. ಬ್ಯಾಟರಿ ಉಳಿಸಲು ಆ್ಯಂಡ್ರಾಯ್ಡ್ ಹಿನ್ನೆಲೆಯಲ್ಲಿರುವ ಆ್ಯಪ್‌ಗಳಿಗೆ ಲೊಕೇಶನ್ ಕೊಡುವುದೇ ಬಿಟ್ಟು ಬಿಟ್ಟು. ಸರಾಸರಿ ಎರಡು ಮೂರು ನಿಮಿಷ ತಡ. ಫೋನ್ ಬಹಳ ಹೊತ್ತು ಅಲುಗಾಡದೆ ಇದ್ದರೆ ಆರು ನಿಮಿಷದವರೆಗೂ ಆಗಬಹುದು. ಸೆಲ್ಫಿಗೆ ಎರಡು ಸೆಕೆಂಡ್ ಸಾಕು. ಶಿಯೋಮಿ, ವಿವೋ, ಒಪ್ಪೊ ಫೋನ್‌ಗಳಲ್ಲಿ ‘ಆಟೋಸ್ಟಾರ್ಟ್’ ಮತ್ತು ಬ್ಯಾಟರಿ ಸೆಟ್ಟಿಂಗ್ ಕೈಯಾರೆ ಸರಿ ಮಾಡದಿದ್ದರೆ ಇಂಥ ಆ್ಯಪ್‌ಗಳನ್ನು ಫೋನೇ ಮಲಗಿಸಿಬಿಡುತ್ತದೆ. ನಿಮ್ಮ ಶಾಪ್‌ಫ್ಲೋರ್‌ನಲ್ಲಿ ಯಾವ ಫೋನ್‌ಗಳು ಹೆಚ್ಚಿವೆ ಎಂದು ಒಮ್ಮೆ ನೋಡಿ.

ಲೊಕೇಶನ್ ಸಿಗದಿದ್ದಾಗ ಆ್ಯಪ್ ಏನು ಮಾಡುತ್ತದೆ?

ವೆಂಡರ್‌ಗೆ ಕೇಳಲೇಬೇಕಾದ ಪ್ರಶ್ನೆ ಇದು, ಯಾರೂ ಕೇಳುವುದಿಲ್ಲ. ಲೊಕೇಶನ್ ಆಫ್ ಮಾಡಿದರೆ, ಏರೋಪ್ಲೇನ್ ಮೋಡ್ ಹಾಕಿದರೆ, ಶೆಡ್ಡಿನ ಮೂಲೆಯಲ್ಲಿ ಏನೂ ಸಿಗದಿದ್ದರೆ ಕ್ಯಾಮೆರಾ ಚಾಲೂನೋ ಬಂದೋ?

‘ಒಳಗಿದ್ದಾನೆ ಎಂದು ಗೊತ್ತಾದಾಗ ಮಾತ್ರ ಬಂದ್’ ಎಂಬ ನಿಯಮವಿದ್ದರೆ, ಲೊಕೇಶನ್ ಗುಂಡಿ ಒತ್ತಿ ಆಫ್ ಮಾಡಿದವನಿಗೆ ಬೇಲಿಯೇ ಇಲ್ಲ. ‘ಹೊರಗಿದ್ದಾನೆ ಎಂದು ಖಾತ್ರಿಯಾದಾಗ ಮಾತ್ರ ಚಾಲೂ’ ಎಂದಿದ್ದರೆ ಬೇಲಿ ಬಿಗಿ, ಆದರೆ ಆ ಬಿಗಿ ಮನೆಯವರೆಗೂ ಹಿಂಬಾಲಿಸುತ್ತದೆ. ನೆಲಮಾಳಿಗೆಯ ಮದುವೆ ಹಾಲ್‌ನಲ್ಲಿ ಜಿಪಿಎಸ್ ಸಿಗದೆ, ತಂಗಿಯ ಮದುವೆಯ ದಿನ ಅಣ್ಣನ ಕ್ಯಾಮೆರಾ ತೆರೆಯುವುದಿಲ್ಲ. ಎರಡರ ನಡುವೆ ಮೂರನೇ ದಾರಿ ಇಲ್ಲ. ಕಂಪನಿ ಕೊಟ್ಟ ಫೋನ್ ಆದರೆ ಬಿಗಿ ನಿಯಮ ಹಾಕಿ ನಿಶ್ಚಿಂತೆಯಿಂದ ಇರಬಹುದು. ಸ್ವಂತ ಫೋನಿನ ಮೇಲೆ ಅದು ನಡೆಯದು, ಸಡಿಲ ನಿಯಮ ಹಾಕಿ ಪ್ರಯೋಜನವೂ ಇಲ್ಲ.

ಲೊಕೇಶನ್ ಸುಳ್ಳು ಹೇಳಿಸುವುದೂ ಕಷ್ಟವಲ್ಲ. ಆ್ಯಂಡ್ರಾಯ್ಡ್‌ನ ಡೆವಲಪರ್ ಆಪ್ಷನ್‌ನಲ್ಲಿ ‘ಮಾಕ್ ಲೊಕೇಶನ್ ಆ್ಯಪ್’ ಆರಿಸಿಕೊಳ್ಳುವ ಸೌಲಭ್ಯ ಇದೆ; ಆ್ಯಪ್ ಪರೀಕ್ಷಿಸಲು ಇಟ್ಟದ್ದು, ಹಾಜರಿ ಹಾಕಲು ಬಳಕೆಯಾಗುತ್ತಿದೆ. ಈ ಲೊಕೇಶನ್ ನಕಲಿ ಎಂದು ಸಿಸ್ಟಮ್ ಆ್ಯಪ್‌ಗೆ ಗುರುತು ಕೊಡುತ್ತದೆ, ಒಳ್ಳೆಯ ಆ್ಯಪ್ ಅದನ್ನು ಓದುತ್ತದೆ. ಫೋನ್ ರೂಟ್ ಆಗಿದ್ದರೆ, ಅಂದರೆ ಅದರ ಒಳಗಿನ ಬೀಗ ಮುರಿದಿದ್ದರೆ, ಆ ಗುರುತನ್ನೂ ಅಳಿಸಬಹುದು. ಇನ್ನು ಕಪಾಟಿನಲ್ಲಿ ಬಿದ್ದಿರುವ ಸಿಮ್ ಇಲ್ಲದ ಹಳೆಯ ಫೋನನ್ನು ಜೇಬಿನಲ್ಲಿಟ್ಟು ತಂದವನ ಮುಂದೆ ಈ ಎಲ್ಲ ಚರ್ಚೆಯೂ ವ್ಯರ್ಥ. ಆ್ಯಪ್ ಕಾಯುವುದು ತಾನು ಕುಳಿತ ಫೋನನ್ನು ಮಾತ್ರ.

ಸ್ವಂತ ಫೋನಿನಲ್ಲಿ ಕ್ಯಾಮೆರಾ ಬಂದ್ ಮಾಡುವ ಅಧಿಕಾರ

ಕಂಪನಿಗಳು ಸ್ವಂತ ಫೋನನ್ನು ಕೆಲಸಕ್ಕೆ ಬಳಸಲು ಆ್ಯಂಡ್ರಾಯ್ಡ್ 2014ರಿಂದ ‘ವರ್ಕ್ ಪ್ರೊಫೈಲ್’ ಕೊಟ್ಟಿದೆ. ಒಂದೇ ಫೋನಿನಲ್ಲಿ ಎರಡು ಖೋಲಿ ಇದ್ದ ಹಾಗೆ. ಕಂಪನಿಯ ಎಂಡಿಎಂ, ಅಂದರೆ ಫೋನ್‌ಗಳನ್ನು ದೂರದಿಂದ ನಿಭಾಯಿಸುವ ತಂತ್ರಾಂಶ, ಆಳುವುದು ತನ್ನ ಖೋಲಿಯನ್ನು. ಅಲ್ಲಿ ಕ್ಯಾಮೆರಾ ಬಂದ್ ಮಾಡಿದರೆ ಕೆಲಸದ ಆ್ಯಪ್‌ಗಳಿಗೆ ಮಾತ್ರ ಬಂದ್. ಸ್ವಂತ ಖೋಲಿಯ ಕ್ಯಾಮೆರಾ, ವಾಟ್ಸ್‌ಆ್ಯಪ್ ಹಾಗೇ ಇರುತ್ತವೆ. ಸ್ವಂತ ಫೋಟೊ, ಮೆಸೇಜು, ಆ್ಯಪ್‌ಗಳ ಪಟ್ಟಿ ಕಂಪನಿಗೆ ಕಾಣುವುದಿಲ್ಲ. ಹಳೆಯ ‘ಡಿವೈಸ್ ಅಡ್ಮಿನ್’ ಪದ್ಧತಿಯಲ್ಲಿ ಇಡೀ ಫೋನಿನ ಕ್ಯಾಮೆರಾ ಬಂದ್ ಮಾಡಬಹುದಿತ್ತು; ಆ್ಯಂಡ್ರಾಯ್ಡ್ 10ರಿಂದ ಹೊಸ ಆ್ಯಪ್‌ಗಳಿಗೆ ಆ ಬಾಗಿಲು ಮುಚ್ಚಿದೆ. ಐಫೋನಿನಲ್ಲಿ ಐಒಎಸ್ 13ರ ನಂತರ ಕ್ಯಾಮೆರಾ ನಿರ್ಬಂಧವನ್ನು ‘ಸೂಪರ್‌ವೈಸ್ಡ್’ (ಇಡಿಯಾಗಿ ಕಂಪನಿಯ ಹಿಡಿತದಲ್ಲಿರುವ) ಫೋನ್‌ಗಳಿಗೆ ಸೇರಿಸಿದ್ದಾರೆ, ಹಾಗೆ ಮಾಡಲು ಫೋನ್ ಪೂರ್ತಿ ಅಳಿಸಿ ಮೊದಲಿನಿಂದ ಶುರು ಮಾಡಬೇಕು. ಯಾವ ನೌಕರನೂ ತನ್ನ ಐಫೋನನ್ನು ಹಾಗೆ ಕೊಡುವುದಿಲ್ಲ.

ಹಾಗಾದರೆ ನಿಮ್ಮ ವೆಂಡರ್ ಏನು ಮಾಡುತ್ತಿರಬಹುದು? ಸಾಮಾನ್ಯವಾಗಿ ಪ್ಲೇ ಸ್ಟೋರ್ ಹೊರಗಿನಿಂದ ಒಂದು ಎಪಿಕೆ (ಆ್ಯಪ್‌ನ ಫೈಲ್) ಹಾಕಿಸಿ, ‘ಆ್ಯಕ್ಸೆಸಿಬಿಲಿಟಿ’ ಅನುಮತಿ ಕೇಳುತ್ತಾರೆ. ಕ್ಯಾಮೆರಾ ಆ್ಯಪ್ ತೆರೆದದ್ದು ಕಂಡ ಕೂಡಲೇ ಮೇಲೊಂದು ಪರದೆ ಎಳೆಯುತ್ತದೆ. ಈ ಅನುಮತಿ ಇದ್ದದ್ದು ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ಆ್ಯಪ್‌ಗಳಿಗಾಗಿ. ಆದ್ದರಿಂದ ಅದು ಪಡೆದ ಆ್ಯಪ್ ಪರದೆಯ ಮೇಲಿನ ಬರಹವನ್ನು ಓದಬಲ್ಲದು, ಬಳಸುವವನ ಪರವಾಗಿ ಗುಂಡಿ ಒತ್ತಬಲ್ಲದು. ಹಣ ಕದಿಯುವ ಬ್ಯಾಂಕಿಂಗ್ ಮಾಲ್‌ವೇರ್‌ಗಳು ಬೇಡುವುದೂ ಇದನ್ನೇ. ‘ಎಂಡಿಎಂ ಹಾಕಿದರೆ ಸಾಹೇಬರು ವಾಟ್ಸ್‌ಆ್ಯಪ್ ಓದುತ್ತಾರೆ’ ಎಂಬ ಹುಡುಗರ ಭಯ ವರ್ಕ್ ಪ್ರೊಫೈಲ್ ವಿಷಯದಲ್ಲಿ ಆಧಾರವಿಲ್ಲದ್ದು. ಇಂಥ ಎಪಿಕೆ ವಿಷಯದಲ್ಲಿ ಅವರ ಭಯ ಸರಿ. ವೆಂಡರ್‌ನನ್ನು ಎರಡೇ ಮಾತು ಕೇಳಿ: ಆ್ಯಪ್ ಪ್ಲೇ ಸ್ಟೋರ್‌ನಿಂದ ಬರುತ್ತದೆಯೇ? ಆ್ಯಕ್ಸೆಸಿಬಿಲಿಟಿ ಅನುಮತಿ ಬೇಕೇ? ಮೊದಲನೆಯದಕ್ಕೆ ಇಲ್ಲ, ಎರಡನೆಯದಕ್ಕೆ ಹೌದು ಎಂದರೆ ಅಲ್ಲಿಗೇ ನಮಸ್ಕಾರ ಹೇಳಿ.

ಯಾರಾದರೂ ಮೊಬೈಲ್ ಸಂಕೇತ ತಡೆಯುವ ಜಾಮರ್ ಸೂಚಿಸಿದರೆ ಕಿವಿಗೊಡಬೇಡಿ. ಖಾಸಗಿಯವರು ಮೊಬೈಲ್ ಜಾಮರ್ ಇಟ್ಟುಕೊಳ್ಳುವುದು ನಮ್ಮಲ್ಲಿ ಕಾನೂನುಬಾಹಿರ. ಮೇಲಾಗಿ ಜಾಮರ್‌ನಿಂದ ಕ್ಯಾಮೆರಾ ನಿಲ್ಲುವುದಿಲ್ಲ, ನಿಲ್ಲುವುದು ಆಂಬುಲೆನ್ಸ್‌ಗೆ ಮಾಡುವ ಕರೆ.

ಫೋಟೊ ತಡೆಯಲು: ಬಾಗಿಲು, ಕಪಾಟು, ಸ್ಟಿಕ್ಕರ್

ಆಡಿಟ್‌ನವರು ಆ್ಯಪ್ ಕೇಳುವುದಿಲ್ಲ. ವಾಹನ ಕ್ಷೇತ್ರದಲ್ಲಿ ನಡೆಯುವ ಟಿಸಾಕ್ಸ್ ಥರದ ತಪಾಸಣೆಯಲ್ಲೂ ಪ್ರೊಟೊಟೈಪ್ ರಕ್ಷಣೆಯ ಭಾಗದಲ್ಲಿ ಕೇಳುವುದು ಫೋಟೊ ತೆಗೆಯಬಲ್ಲ ಸಾಧನ ಒಳಗೆ ತರಲು, ಬಳಸಲು ನಿಯಮ ಏನು, ಅದು ಜಾರಿಯಲ್ಲಿದೆಯೇ, ಪುರಾವೆ ಎಲ್ಲಿ ಎಂದು. ಅದಕ್ಕೆ ಗೇಟಿನಲ್ಲೇ ಎಲ್ಲರನ್ನೂ ತಡೆಯಬೇಕಿಲ್ಲ. ಗುಟ್ಟು ಇರುವುದು ಅಸೆಂಬ್ಲಿ ಬೇ ಮತ್ತು ಡಿಸೈನ್ ಖೋಲಿಯಲ್ಲಿ. ಗೆರೆಯನ್ನು ಅಲ್ಲಿನ ಬಾಗಿಲಿಗೆ ಎಳೆಯಿರಿ. ಕ್ಯಾಂಟೀನ್, ಆಫೀಸು, ಪಾರ್ಕಿಂಗ್‌ನಲ್ಲಿ ಫೋನ್ ಇರಲಿ. ನಿಷೇಧ ಎಷ್ಟು ಚಿಕ್ಕ ಜಾಗಕ್ಕೋ ಅಷ್ಟು ಪಾಲನೆ.

ಶಾಪ್‌ಫ್ಲೋರ್‌ನ 31 ಮಂದಿಗೆ ಬಾಗಿಲ ಹೊರಗೆ 36 ಖಾನೆಯ ಒಂದು ಉಕ್ಕಿನ ಕಪಾಟು ಮಾಡಿಸಿ. ಶೀಟ್ ಮೆಟಲ್ ನಿಮ್ಮ ಕೈಯಲ್ಲೇ ಇದೆ. ಪ್ರತಿ ಖಾನೆಗೆ ಅವರವರದೇ ಕೀಲಿ. ಒಳಗೆ ಚಾರ್ಜಿಂಗ್ ಸೌಲಭ್ಯ ಕೊಡಲು ಹೋಗಬೇಡಿ, ಮುಚ್ಚಿದ ಪೆಟ್ಟಿಗೆಯಲ್ಲಿ ಸಾಲುಸಾಲು ಲಿಥಿಯಂ ಬ್ಯಾಟರಿ ಬಿಸಿಯಾಗುವುದು ಬೇಡ. ಇಂಥ ಕಪಾಟು ಹಾಕಿದ ಕಡೆ ಜನ ತಿರುಗಿಬೀಳುವುದು ಬಹುತೇಕ ಒಂದೇ ಕಾರಣಕ್ಕೆ: ಊರಿನಿಂದ ತುರ್ತು ಕರೆ ಬಂದರೆ ಗೊತ್ತಾಗುವುದು ಹೇಗೆ? ಆದ್ದರಿಂದ ಅಸೆಂಬ್ಲಿ ಸೂಪರ್‌ವೈಸರ್ ಮೇಜಿನ ಮೇಲೆ ಒಂದು ಲ್ಯಾಂಡ್‌ಲೈನ್ ಅಥವಾ ಕ್ಯಾಮೆರಾ ಇಲ್ಲದ ಕೀಪ್ಯಾಡ್ ಫೋನ್ ಇಡಿ. ಆ ನಂಬರನ್ನು ಚೀಟಿಯಲ್ಲಿ ಅಚ್ಚು ಹಾಕಿಸಿ, ಹುಡುಗರು ಮನೆಗೆ ಕಳಿಸಲಿ. ಕರೆ ಬಂದರೆ ಶಿಫ್ಟ್ ಮುಗಿಯುವವರೆಗೆ ಕಾಯಿಸದೆ ಕೂಗಿ ಹೇಳುವ ರೂಢಿ ಬರಲಿ. ಇಷ್ಟಾದರೆ ಅರ್ಧ ಗೊಣಗಾಟ ಹೋಗುತ್ತದೆ.

ಆಗೊಮ್ಮೆ ಈಗೊಮ್ಮೆ ಒಳಹೋಗುವ ಆಫೀಸಿನವರಿಗೆ, ಗಿರಾಕಿಗಳಿಗೆ, ಟ್ರಾನ್ಸ್‌ಪೋರ್ಟ್‌ನವರಿಗೆ ಸ್ಟಿಕ್ಕರ್ ಸಾಕು. ಕಿತ್ತರೆ ‘ವಾಯ್ಡ್’ ಎಂದು ಮೂಡುವ ಜಾತಿಯದು, ಕ್ರಮಸಂಖ್ಯೆ ಅಚ್ಚಾದದ್ದು ತರಿಸಿ. ಒಂದು ಫೋನಿಗೆ ಎರಡು: ಮುಂದಿನ ಕ್ಯಾಮೆರಾಕ್ಕೆ ಚಿಕ್ಕದು, ಹಿಂದಿನದಕ್ಕೆ ದೊಡ್ಡದು. ಈಗಿನ ಫೋನ್‌ಗಳ ಹಿಂದೆ ಮೂರು ನಾಲ್ಕು ಲೆನ್ಸ್ ಇರುವುದರಿಂದ ಹಳೆಯ ಅಳತೆಯ ಗುಂಡು ಸ್ಟಿಕ್ಕರ್ ಒಂದನ್ನು ಮುಚ್ಚಿ ಉಳಿದವನ್ನು ಬಿಡುತ್ತದೆ. ಪೂರ್ತಿ ಕ್ಯಾಮೆರಾ ದಿಬ್ಬ ಮುಚ್ಚುವ ಚೌಕವೇ ಬೇಕು. ಅಂಟು ಲೆನ್ಸ್ ಮೇಲೆ ಉಳಿಯದ ಬಗೆಯದೇ ಇರಲಿ, ಇಲ್ಲದಿದ್ದರೆ ಒಂದೇ ವಾರದಲ್ಲಿ ಜಗಳ. ಒಳಹೋಗುವಾಗ ವಾಚ್‌ಮನ್ ಕ್ರಮಸಂಖ್ಯೆ ಬರೆದುಕೊಳ್ಳಬೇಕು, ಹೊರಬರುವಾಗ ಅದೇ ಸ್ಟಿಕ್ಕರ್ ಗಟ್ಟಿಯಾಗಿದೆಯೇ ನೋಡಿ ತಾನೇ ಕೀಳಬೇಕು. ಎಲ್ಲ ಕಡೆ ಸೋಲುವುದು ಈ ಹೊರಬರುವ ತಪಾಸಣೆಯಲ್ಲಿ. ಹಚ್ಚುವ ಉತ್ಸಾಹ ನೋಡುವಾಗ ಇರುವುದಿಲ್ಲ. ಆ ರಿಜಿಸ್ಟರೇ ನಿಮ್ಮ ಆಡಿಟ್ ಪುರಾವೆ.

ಫೋಟೊ ಬೇಕೇ ಬೇಕಾದ ಕೆಲಸಗಳಿಗೂ ದಾರಿ ಬಿಡಿ. ಕ್ವಾಲಿಟಿಯವರಿಗೆ ದೋಷದ ಫೋಟೊ ಬೇಕು, ಡಿಸ್ಪ್ಯಾಚ್‌ನವರಿಗೆ ಪ್ಯಾಕಿಂಗ್ ಫೋಟೊ ಬೇಕು. ‘ಕೆಲಸ ಎಲ್ಲಿಗೆ ಬಂತು, ಒಂದು ಫೋಟೊ ಹಾಕಿ’ ಎಂದು ವಾಟ್ಸ್‌ಆ್ಯಪ್ ಮಾಡುವವನು ಎಷ್ಟೋ ಸಲ ಗಿರಾಕಿಯ ಇಂಜಿನಿಯರೇ. ಸರಿಯಾದ ದಾರಿ ಇಲ್ಲದಿದ್ದರೆ ಜನ ಸ್ವಂತ ಫೋನ್ ಎತ್ತುತ್ತಾರೆ, ಅದು ಅವರ ತಪ್ಪಲ್ಲ. ಎರಡು ಕಂಪನಿ ಫೋನ್‌ಗಳಿಗೆ ಎದ್ದುಕಾಣುವ ಕೆಂಪು ಕವರ್ ಹಾಕಿ ‘ಫೋಟೊ ಫೋನ್’ ಎಂದು ಇಡಿ. ಅವನ್ನು ಎಂಡಿಎಂನಲ್ಲಿ ‘ಫುಲ್ಲಿ ಮ್ಯಾನೇಜ್ಡ್’ (ಇಡೀ ಫೋನ್ ಕಂಪನಿಯ ಹಿಡಿತದಲ್ಲಿ) ಆಗಿ ಸೇರಿಸಿ: ಫ್ಯಾಕ್ಟರಿ ರಿಸೆಟ್ ಮಾಡಿ, ಮೊದಲ ಸ್ವಾಗತ ಪರದೆಯ ಮೇಲೆ ಒಂದೇ ಜಾಗದಲ್ಲಿ ಆರು ಸಲ ತಟ್ಟಿದರೆ ಕ್ಯೂಆರ್ ಸ್ಕ್ಯಾನರ್ ತೆರೆಯುತ್ತದೆ, ಎಂಡಿಎಂ ಕೊಟ್ಟ ಕೋಡ್ ತೋರಿಸಿದರೆ ಆಯಿತು. ವಾಟ್ಸ್‌ಆ್ಯಪ್ ಇಲ್ಲ, ಸ್ವಂತ ಗೂಗಲ್ ಖಾತೆ ಸೇರಿಸಲು ಬಿಡಬೇಡಿ, ಬ್ಲೂಟೂತ್ ಮತ್ತು ಯುಎಸ್‌ಬಿ ಮೂಲಕ ಫೈಲ್ ಕಳಿಸುವುದು ಬಂದ್. ತೆಗೆದ ಚಿತ್ರ ಕಂಪನಿಯ ಫೋಲ್ಡರ್‌ಗೆ ಮಾತ್ರ ಹೋಗಲಿ.

ಡ್ರಾಯಿಂಗ್‌ಗೆ ಬೇಲಿ: ನೆಟ್‌ವರ್ಕ್

ಮೊದಲು ಒಂದು ಅಪ್ರಿಯ ಮಾತು. ಸೆಲ್ಫಿಯಿಂದ ಹೋದದ್ದಕ್ಕಿಂತ ಹೆಚ್ಚು ಗುಟ್ಟು ಪರ್ಚೇಸ್ ವಿಭಾಗದ ವಾಟ್ಸ್‌ಆ್ಯಪ್‌ನಿಂದ ಹೋಗುತ್ತದೆ. ಭೋಸರಿಯ ಲೇಸರ್ ಕಟಿಂಗ್‌ನವನಿಗೆ, ಹೀಟ್ ಟ್ರೀಟ್‌ಮೆಂಟ್‌ನವನಿಗೆ ಪಿಡಿಎಫ್ ಹಾಗೇ ತಳ್ಳಿರುತ್ತಾರೆ. ಅದು ಎಷ್ಟು ಫೋನ್‌ಗಳಲ್ಲಿ ಕೂತಿದೆಯೋ ದೇವರಿಗೇ ಗೊತ್ತು. ಯಾವ ಜಿಯೋಫೆನ್ಸೂ ಇದನ್ನು ಹಿಡಿಯದು. ಜಾಬ್‌ವರ್ಕ್‌ನವರಿಗೆ ಆ ಒಂದು ಭಾಗದ ಡ್ರಾಯಿಂಗ್ ಮಾತ್ರ, ಅಸೆಂಬ್ಲಿ ಡ್ರಾಯಿಂಗ್ ಅಲ್ಲ. ಟೈಟಲ್ ಬ್ಲಾಕ್‌ನಿಂದ ಗಿರಾಕಿ ಹೆಸರು, ಮಾಡೆಲ್ ಹೆಸರು ತೆಗೆದು. ಅವರ ಹೆಸರನ್ನೇ ವಾಟರ್‌ಮಾರ್ಕ್ ಮಾಡಿ. ಅವಧಿ ಮುಗಿದರೆ ತೆರೆಯದ ಲಿಂಕ್ ಮೂಲಕ ಕಳಿಸಿ. ಇದನ್ನು ನಾಳೆಯೇ ಶುರು ಮಾಡಬಹುದು.

ಶಾಪ್‌ಫ್ಲೋರ್‌ನಲ್ಲಿ ಡ್ರಾಯಿಂಗ್ ನೋಡಲು ನಾಲ್ಕೈದು ಕಂಪನಿ ಟ್ಯಾಬ್ಲೆಟ್ ಸಾಕು. ಇವೂ ಫುಲ್ಲಿ ಮ್ಯಾನೇಜ್ಡ್, ಕ್ಯಾಮೆರಾ ಶಾಶ್ವತವಾಗಿ ಬಂದ್. ಅವು ಒಳಗೋ ಹೊರಗೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಡ್ರಾಯಿಂಗ್ ಸರ್ವರ್ ಶಾಪ್‌ನ ಪ್ರತ್ಯೇಕ ವಿಎಲ್ಯಾನ್‌ನಲ್ಲಿ, ಅಂದರೆ ಉಳಿದದ್ದರಿಂದ ಬೇರ್ಪಡಿಸಿದ ಜಾಲದಲ್ಲಿ ಇರಲಿ, ಅಲ್ಲಿಂದ ಬಂದ ಬೇಡಿಕೆಗೆ ಮಾತ್ರ ಉತ್ತರಿಸಲಿ. ಟ್ಯಾಬ್ಲೆಟ್‌ನಲ್ಲಿ ಫೈಲ್ ಉಳಿಯಬಾರದು, ನೋಡುವುದಷ್ಟೇ. ಯಾರಾದರೂ ಟ್ಯಾಬ್ಲೆಟ್ ಮನೆಗೆ ಒಯ್ದರೂ ಅದರಲ್ಲಿ ಏನೂ ತೆರೆಯುವುದಿಲ್ಲ. ಜಾಗ ನೋಡಿ ಬಾಗಿಲು ತೆರೆಯುವುದು ಎಂದರೆ ಇದೇ; ಉಪಗ್ರಹದ ಬದಲು ನಿಮ್ಮ ತಂತಿ, ನಿಮ್ಮ ವೈಫೈ ಜಾಗವನ್ನು ಹೇಳುತ್ತಿದೆ. ಮೂರು ನಿಮಿಷ ಕಾಯುವುದೂ ಇಲ್ಲ.

ಈ ವೈಫೈಗೆ ಗೋಡೆಯ ಮೇಲೆ ಬರೆದ ಪಾಸ್‌ವರ್ಡ್ ಇಟ್ಟರೆ ಎಲ್ಲ ನೀರಿನಲ್ಲಿ ಹೋಮ. ಪ್ರತಿ ಟ್ಯಾಬ್ಲೆಟ್‌ಗೆ ಎಂಡಿಎಂ ಮೂಲಕ ಸರ್ಟಿಫಿಕೇಟ್ (ಡಿಜಿಟಲ್ ಗುರುತುಪತ್ರ) ಇಳಿಸಿ, ಅದಿದ್ದರೆ ಮಾತ್ರ ಒಳಗೆ ಬಿಡುವ ಇಎಪಿ-ಟಿಎಲ್‌ಎಸ್ ಪದ್ಧತಿ ಹಾಕಿಸಿ. ಅದಕ್ಕೆ ಆ ಗುರುತನ್ನು ಪರಿಶೀಲಿಸುವ ರೇಡಿಯಸ್ ಸರ್ವರ್ ಬೇಕು. ಕೆಲವು ಫೈರ್‌ವಾಲ್‌ಗಳಲ್ಲಿ ಅದು ಒಳಗೇ ಇರುತ್ತದೆ, ನಿಮ್ಮದರಲ್ಲಿ ಇದೆಯೇ ಕೇಳಿ. ಮ್ಯಾಕ್ ವಿಳಾಸದ (ಪ್ರತಿ ಸಾಧನದ ವೈಫೈ ಗುರುತುಸಂಖ್ಯೆಯ) ಪಟ್ಟಿ ಮಾಡಿ ಕಾಯುವ ಹಳೆಯ ಉಪಾಯ ಈಗ ಕೈಕೊಡುತ್ತದೆ: ಆ್ಯಂಡ್ರಾಯ್ಡ್ 10, ಐಒಎಸ್ 14ರಿಂದ ಫೋನ್‌ಗಳು ತಮ್ಮ ನಿಜವಾದ ಮ್ಯಾಕ್ ವಿಳಾಸವನ್ನು ಮರೆಮಾಡಿ ಬೇರೆಯದನ್ನು ಹೇಳುತ್ತವೆ. ಸಿಬ್ಬಂದಿಯ ಸ್ವಂತ ಫೋನ್‌ಗಳಿಗೆ ಬೇರೆ ವೈಫೈ ಕೊಡಿ, ಅಲ್ಲಿಂದ ಇಂಟರ್‌ನೆಟ್ ಮಾತ್ರ.

ಮೇಲ್, ಫೈಲ್‌ಗಳು ಮೈಕ್ರೊಸಾಫ್ಟ್ 365ನಲ್ಲಿದ್ದರೆ, ಬಿಸಿನೆಸ್ ಪ್ರೀಮಿಯಂ ಪ್ಲಾನ್‌ನಲ್ಲಿ ಇಂಟ್ಯೂನ್ ಎಂಡಿಎಂ ಮತ್ತು ‘ಕಂಡೀಶನಲ್ ಆ್ಯಕ್ಸೆಸ್’ (ಷರತ್ತು ನೋಡಿ ಒಳಬಿಡುವ ವ್ಯವಸ್ಥೆ) ಎರಡೂ ಬರುತ್ತವೆ. ಆಫೀಸಿನ ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್‌ನೆಟ್ ವಿಳಾಸ) ಕೊಟ್ಟು, ಅಲ್ಲಿಂದ ಬಂದರೆ ಸಲೀಸು, ಹೊರಗಿನಿಂದ ಬಂದರೆ ಕಂಪನಿಗೆ ಸೇರಿದ ಸಾಧನ ಮತ್ತು ಎರಡನೇ ಪರಿಶೀಲನೆ ಎಂದು ನಿಯಮ ಹಾಕಬಹುದು. ಎರಡು ಎಡವಟ್ಟು ಮೇಲಿಂದ ಮೇಲೆ ಆಗುತ್ತವೆ. ಹಳೆಯ ಬಗೆಯ ಐಪಿವಿ4 ವಿಳಾಸ ಸೇರಿಸಿ ಹೊಸ ಬಗೆಯ ಐಪಿವಿ6 ಮರೆತು ಆಫೀಸಿನವರೇ ಹೊರಗೆ ನಿಲ್ಲುವುದು ಒಂದು. ‘ಪುಣೆ ಮಾತ್ರ’ ಎಂದು ಊರಿನ ಲೆಕ್ಕ ಹಾಕುವುದು ಇನ್ನೊಂದು. ಮೊಬೈಲ್ ಡೇಟಾದಲ್ಲಿ ಸಾವಿರಾರು ಫೋನ್‌ಗಳು ಒಂದೇ ಐಪಿ ಹಂಚಿಕೊಳ್ಳುವುದರಿಂದ ಪುಣೆಯ ಫೋನ್ ಮುಂಬೈಯದ್ದಾಗಿ ಕಾಣುವುದು ಸಾಮಾನ್ಯ. ಐಪಿಯಿಂದ ದೇಶವನ್ನು ಬಹುಮಟ್ಟಿಗೆ ನಂಬಬಹುದು, ಊರು ನಂಬಬೇಡಿ. ನಿಯಮ ಜಾರಿ ಮಾಡುವ ಮೊದಲು ಒಂದು ಅಡ್ಮಿನ್ ಖಾತೆಯನ್ನು ಅದರಿಂದ ಹೊರಗಿಟ್ಟು ಪಾಸ್‌ವರ್ಡ್ ಲಕೋಟೆಯಲ್ಲಿ ಮುಚ್ಚಿಡಿ. ನಿಮ್ಮನ್ನು ನೀವೇ ಹೊರಗೆ ಹಾಕಿಕೊಂಡ ದಿನ ಅದು ನೆನಪಾಗುತ್ತದೆ.

ಬ್ಲೂಟೂತ್ ಬೀಕನ್ ಬಗ್ಗೆಯೂ ಯಾರಾದರೂ ಹೇಳಬಹುದು. ಅದು ತನ್ನ ಗುರುತನ್ನು ಎಲ್ಲರಿಗೂ ಕೇಳುವಂತೆ ಕೂಗುವ ಪುಟ್ಟ ಪೆಟ್ಟಿಗೆ. ಆ ಕೂಗನ್ನು ಇನ್ನೊಂದು ಫೋನ್ ನಕಲು ಮಾಡಬಲ್ಲದು. ಯಾವ ಮಷಿನ್ ಮುಂದೆ ನಿಂತಿದ್ದಾನೆ ನೋಡಿ ಅದರ ಮ್ಯಾನುಯಲ್ ತೆರೆಯಲು ಚೆನ್ನ, ಕಾವಲಿಗೆ ಬೇಡ.

ಒಂಬತ್ತು ಇಂಜಿನಿಯರ್‌ಗಳು

ಇಲ್ಲಿ ಲೊಕೇಶನ್‌ಗೆ ನಿಜವಾದ ಕೆಲಸವಿದೆ. ಅವರು ರಾಂಜಣಗಾಂವ್‌ಗೆ, ಗೋವಾದ ವೆರ್ಣಾಕ್ಕೆ, ಬೆಳಗಾವಿಯ ಉದ್ಯಮಬಾಗಕ್ಕೆ ಹೋಗುತ್ತಾರೆ ಎಂದುಕೊಳ್ಳೋಣ. ಅವರಿಗೆ ಕಂಪನಿಯಿಂದಲೇ ಫೋನ್ ಕೊಡಿ. ಆ್ಯಂಡ್ರಾಯ್ಡ್ 11ರ ನಂತರದ ಫೋನ್‌ಗಳಲ್ಲಿ, ಫೋನ್ ಕಂಪನಿಯದಾಗಿದ್ದು ಒಳಗೆ ವರ್ಕ್ ಪ್ರೊಫೈಲ್ ಮತ್ತು ಸ್ವಂತ ಖೋಲಿ ಎರಡೂ ಇರುವ ಬಗೆ ಇದೆ. ಹಾಜರಿ ಆ್ಯಪ್ ಕೆಲಸದ ಖೋಲಿಯಲ್ಲಿ ಇರಲಿ. ಸಂಜೆ ಇಂಜಿನಿಯರ್ ವರ್ಕ್ ಪ್ರೊಫೈಲ್ ಗುಂಡಿಯನ್ನು ಆಫ್ ಮಾಡಿದರೆ ಆ ಖೋಲಿಯ ಆ್ಯಪ್‌ಗಳೆಲ್ಲ ಮಲಗುತ್ತವೆ, ಲೊಕೇಶನ್ ಹೋಗುವುದೂ ನಿಲ್ಲುತ್ತದೆ. ಆ್ಯಂಡ್ರಾಯ್ಡ್ 12ರಿಂದ ವರ್ಕ್ ಪ್ರೊಫೈಲ್‌ನಲ್ಲಿ ಲೊಕೇಶನ್ ಅನುಮತಿಯನ್ನು ಎಂಡಿಎಂ ಗುಟ್ಟಾಗಿ ಕೊಡಲು ಬರುವುದಿಲ್ಲ, ಬಳಸುವವನೇ ಒಪ್ಪಬೇಕು. ಐಫೋನ್ ಕೊಡುವುದಾದರೆ ತಿಳಿದಿರಲಿ, ಎಂಡಿಎಂ ಮೂಲಕ ಐಫೋನಿನ ಜಾಗ ಕಾಣುವುದು ಸೂಪರ್‌ವೈಸ್ಡ್ ಫೋನನ್ನು, ಕಳೆದುಹೋದ ಫೋನಿಗೆಂದಿರುವ ‘ಲಾಸ್ಟ್ ಮೋಡ್’ಗೆ ಹಾಕಿದಾಗ ಮಾತ್ರ.

ಗಿರಾಕಿಯ ಪ್ಲಾಂಟ್ ಸುತ್ತ 250 ಮೀಟರ್ ವೃತ್ತ ಹಾಕಿ, ಐದು ನಿಮಿಷ ಒಳಗೆ ಇದ್ದರೆ ಮಾತ್ರ ‘ತಲುಪಿದ’ ಎಂದು ದಾಖಲಾಗಲಿ. ಹೀಗೆ ಮಾಡಿದರೆ ಪಕ್ಕದ ರಸ್ತೆಯಲ್ಲಿ ಹಾದುಹೋದದ್ದು ಲೆಕ್ಕಕ್ಕೆ ಬರುವುದಿಲ್ಲ. ದಿನವಿಡೀ ಹೆಜ್ಜೆ ಹೆಜ್ಜೆಗೂ ದಾಖಲೆ ಬೇಡ. ತಲುಪಿದ್ದು, ಬಿಟ್ಟದ್ದು ಎರಡೇ ಗುರುತು ಸಾಕು. ಎಕ್ಸ್‌ಪ್ರೆಸ್‌ವೇಯ ಸುರಂಗಗಳಲ್ಲಿ ಜಿಪಿಎಸ್ ಕಳೆದುಹೋಗಿ ಆಚೆ ಬಂದಾಗ ಜಾಗ ಜಿಗಿಯುತ್ತದೆ; ಆ ಜಿಗಿತ ನೋಡಿ ‘ಇವನು ಅರ್ಧ ತಾಸು ಎಲ್ಲಿದ್ದ’ ಎಂದು ಕೇಳುವ ಮ್ಯಾನೇಜರ್ ಇದ್ದೇ ಇರುತ್ತಾನೆ. ಲೊಕೇಶನ್ ಒಂದನ್ನೇ ಹಿಡಿದು ಸಂಬಳ ಕಡಿಯಬೇಡಿ. ಸರ್ವಿಸ್ ರಿಪೋರ್ಟ್ ಮೇಲೆ ಗಿರಾಕಿಯ ಸಹಿ ಇದೆಯಲ್ಲ.

ಬೇಲಿ ದಾಟಿದರೆ ಡೇಟಾ ತಾನಾಗಿ ಅಳಿಸಿಹೋಗಲಿ ಎಂಬ ಸೆಟ್ಟಿಂಗ್ ಕೆಲವು ಎಂಡಿಎಂಗಳಲ್ಲಿದೆ. ಅದನ್ನು ಮುಟ್ಟಲೇಬೇಡಿ. ಪ್ಲಾಂಟ್ ಒಳಗೆ ನಿಂತವನ ಫೋನ್ ಟವರ್ ಲೆಕ್ಕಕ್ಕೆ ಜಾರಿ 800 ಮೀಟರ್ ಆಚೆ ತೋರಿಸಿದರೆ, ಲೈನ್ ನಿಂತ ಹೊತ್ತಿನಲ್ಲಿ ಅವನ ಕೈಯ ಮ್ಯಾನುಯಲ್ಲೇ ಮಾಯ. ಬೇಲಿ ದಾಟಿದ್ದಕ್ಕೆ ಹೆಚ್ಚೆಂದರೆ ಮತ್ತೊಮ್ಮೆ ಪಿನ್ ಕೇಳಲಿ, ಹೊಸ ಡೌನ್‌ಲೋಡ್ ತಡೆಯಲಿ. ಅಳಿಸುವುದು ಫೋನ್ ಕಳೆದುಹೋಯಿತೆಂದು ಇಂಜಿನಿಯರ್ ಹೇಳಿದ ಮೇಲೆ, ಮನುಷ್ಯನ ಕೈಯಿಂದ.

ಕಾನೂನು, ಮತ್ತು ಆ ಇಬ್ಬರ ಪ್ರಶ್ನೆ

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಆಗಸ್ಟ್‌ನಲ್ಲಿ ಬಂತು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಕಂಪನಿಗಳ ಮುಖ್ಯ ಹೊಣೆಗಳಿಗೆ ಅಲ್ಲಿಂದ 18 ತಿಂಗಳ ಗಡುವು. ಇದರ 7ನೇ ಸೆಕ್ಷನ್ ನಿಮ್ಮ ಪರವಾಗಿಯೂ ಇದೆ: ಉದ್ಯೋಗದ ಉದ್ದೇಶಕ್ಕೆ, ಕಾರ್ಪೊರೇಟ್ ಗೂಢಚರ್ಯೆ ತಡೆಯಲು, ವ್ಯಾಪಾರದ ಗುಟ್ಟು ಕಾಯಲು ನೌಕರರ ದತ್ತಾಂಶವನ್ನು ಪ್ರತ್ಯೇಕ ಒಪ್ಪಿಗೆ ಇಲ್ಲದೆಯೂ ಬಳಸಬಹುದು. ಆದರೆ ಆ ಅವಕಾಶ ಆ ಉದ್ದೇಶದಷ್ಟೇ ಉದ್ದ. ಭಾನುವಾರ ನೌಕರ ಎಲ್ಲಿದ್ದ ಎಂಬುದರಿಂದ ನಿಮ್ಮ ಫಿಕ್ಸ್ಚರ್‌ನ ಗುಟ್ಟೇನೂ ಉಳಿಯುವುದಿಲ್ಲ. ಸಂಗ್ರಹಿಸಿದ್ದನ್ನು ಸರಿಯಾಗಿ ಕಾಯದೆ ಸೋರಿದರೆ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ನಿಮ್ಮಂಥವರಿಗೆ ಅಷ್ಟು ಹಾಕುತ್ತಾರೆಂದಲ್ಲ, ಬೇಡದ ದತ್ತಾಂಶ ಇಟ್ಟುಕೊಳ್ಳುವುದೇ ಹೊರೆ ಎಂದು ತಿಳಿಯಲು ಹೇಳಿದೆ. ಮಾಲೀಕನ ಅನುಮತಿ ಇಲ್ಲದೆ ಅವನ ಸಾಧನಕ್ಕೆ ಅಡ್ಡಿ ಮಾಡುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್‌ಗೆ ಬರುತ್ತದೆ. ‘ಸಹಿ ಮಾಡದಿದ್ದರೆ ಗೇಟಿನೊಳಗೆ ಬರಬೇಡ’ ಎಂದು ಪಡೆದ ಸಹಿಯನ್ನು ಅನುಮತಿ ಎನ್ನುವುದು ಕಷ್ಟ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ ಪ್ರಕರಣದ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಹುಡುಗರಿಗೆ ಗೊತ್ತಿಲ್ಲದಿದ್ದರೆ ನೀವೇ ಹೇಳಿ, ಮಾತು ಸಲೀಸಾಗುತ್ತದೆ.

ಡಿಸೈನ್‌ನ ಇಬ್ಬರು ಕೇಳಿದ್ದು ಇಡೀ ಪತ್ರದ ಅತ್ಯಂತ ಸರಿಯಾದ ಪ್ರಶ್ನೆ. ವೆಂಡರ್‌ನ ಆ್ಯಪ್ ಸ್ವಂತ ಫೋನಿನಲ್ಲಿ ‘ಯಾವಾಗಲೂ ಅನುಮತಿಸಿ’ ಎಂಬ ಲೊಕೇಶನ್ ಪಡೆದರೆ, ಹೌದು, ರಾತ್ರಿ ಹನ್ನೊಂದಕ್ಕೂ ಕಾಣುತ್ತದೆ. ನಿಮಗೆ ಮಾತ್ರವಲ್ಲ, ವೆಂಡರ್‌ನ ಸರ್ವರ್ ನೋಡಿಕೊಳ್ಳುವ ಯಾರಿಗೂ. ಮೇಲೆ ಹೇಳಿದ ವ್ಯವಸ್ಥೆಯಲ್ಲಿ ಅವರ ಲೊಕೇಶನ್ ಎಲ್ಲಿಯೂ ದಾಖಲಾಗುವುದೇ ಇಲ್ಲ. ಇದನ್ನು ಅವರಿಗೆ ಬಾಯಲ್ಲಿ ಹೇಳಿ, ಬರೆದೂ ಕೊಡಿ. ಇಂಜಿನಿಯರ್‌ಗಳಿಗೆ ಒಂದು ಪುಟದ ತಿಳಿವಳಿಕೆ ಪತ್ರ ಕನ್ನಡ, ಮರಾಠಿ ಎರಡರಲ್ಲೂ ಮಾಡಿಸಿ: ಏನು ದಾಖಲಾಗುತ್ತದೆ, ಎಷ್ಟು ಹೊತ್ತಿನಿಂದ ಎಷ್ಟರವರೆಗೆ, ಯಾವ ಇಬ್ಬರು ನೋಡಬಹುದು, 90 ದಿನಕ್ಕೆ ಅಳಿಸಲಾಗುತ್ತದೆ, ತಪ್ಪು ದಾಖಲಾದರೆ ಯಾರಿಗೆ ಹೇಳಬೇಕು. ನಕಾಶೆ ಯಾರು ಯಾವಾಗ ತೆರೆದರು ಎಂಬುದೂ ದಾಖಲಾಗುವ ಎಂಡಿಎಂ ಆರಿಸಿ.

ಇಷ್ಟಾದ ಮೇಲೂ ಆ ವೆಂಡರ್ ಪಟ್ಟು ಹಿಡಿದರೆ, ದುಡ್ಡು ಕೊಡುವ ಮೊದಲು ಕಂಪನಿಯ ಐದು ಬೇರೆ ಬೇರೆ ಫೋನ್ ಕೊಟ್ಟು ನಿಮ್ಮ ಗೇಟಿನಲ್ಲೇ ಮೂರು ದಿನ ಪರೀಕ್ಷೆ ಇಡಿ. ಪ್ರತಿ ಫೋನ್ ಹತ್ತು ಸಲ ಒಳಗೆ, ಹತ್ತು ಸಲ ಹೊರಗೆ. ಗೇಟು ದಾಟಿದ ಹೊತ್ತು, ಕ್ಯಾಮೆರಾ ಬಂದ್ ಆದ ಹೊತ್ತು ಎರಡನ್ನೂ ವಾಚ್‌ಮನ್ ಪುಸ್ತಕದಲ್ಲಿ ಬರೆಯಲಿ. ಲೊಕೇಶನ್ ಆಫ್, ಏರೋಪ್ಲೇನ್ ಮೋಡ್, ಬ್ಯಾಟರಿ ಸೇವರ್, ಫೋನ್ ರೀಸ್ಟಾರ್ಟ್, ಮಾಕ್ ಲೊಕೇಶನ್ ಒಂದೊಂದು ಸಲ ಮಾಡಿ ನೋಡಿ. ಟಪರಿಯಲ್ಲಿ ಐದು ನಿಮಿಷ ನಿಂತೂ ನೋಡಿ.

ಏಳು ವಾರ ಇದೆ. ಮೊದಲ ವಾರ ಪರ್ಚೇಸ್‌ನ ವಾಟ್ಸ್‌ಆ್ಯಪ್ ನಿಲ್ಲಿಸಿ, ಗೆರೆ ಎಳೆಯುವ ಬಾಗಿಲು ಗೊತ್ತು ಮಾಡಿ. ಎರಡು, ಮೂರನೇ ವಾರಕ್ಕೆ ಕಪಾಟು, ಸ್ಟಿಕ್ಕರ್, ಲ್ಯಾಂಡ್‌ಲೈನ್. ನಾಲ್ಕನೇ ವಾರ ಫೋಟೊ ಫೋನ್, ಟ್ಯಾಬ್ಲೆಟ್. ವೈಫೈ ಸರ್ಟಿಫಿಕೇಟ್ ಕೆಲಸ ಮುಗಿಯದಿದ್ದರೂ ಆಡಿಟ್‌ನವರಿಗೆ ಯೋಜನೆ ಮತ್ತು ತಾರೀಖು ತೋರಿಸಬಹುದು. ನಾಲ್ಕು ವಾರದ ಸ್ಟಿಕ್ಕರ್ ರಿಜಿಸ್ಟರ್ ಮಾತ್ರ ಹಿಂದಿನ ರಾತ್ರಿ ಕೂತು ಬರೆಯಲು ಆಗುವುದಿಲ್ಲ. ಒಂದೇ ಪೆನ್ನು, ಒಂದೇ ಕೈಬರಹ ಅವರಿಗೆ ಕೂಡಲೇ ತಿಳಿಯುತ್ತದೆ.